ಸ್ಟಾಫರ್ಡ್ ಚೌಕದ ಬೆಂಚು

ಬಿಸಿಲಿತ್ತೋ ಇಲ್ಲವೋ, ನೆನಪನ್ನು ನಂಬಲಾರೆ. ಅಮ್ಮ ಚಪ್ಪಲಿ ಕಳಚಿದ್ದು ಮಾತ್ರ ನಿಜ. ಮೈಸೂರಿನಿಂದ ಬಂದಿದ್ದ ಅವಳನ್ನು ಇಂಗ್ಲೆಂಡಿನ ಸ್ಟಾಫರ್ಡ್‌ನ ಚೌಕಕ್ಕೆ ಕರೆದೊಯ್ದಿದ್ದೆ. ನಾವಿರುವ ಈ ಪುಟ್ಟ ಜಿಲ್ಲಾಕೇಂದ್ರಕ್ಕೆ ಕೋರ್ಟು, ಕೌನ್ಸಿಲ್ ಕೆಲಸಕ್ಕೆಂದು ಬಂದವರು ಸಂಜೆ ಮರಳಿದರೆ ಚೌಕದಲ್ಲಿ ಉಳಿಯುವುದು ಬೆಂಚುಗಳೇ. ಒಂದರ ಮೇಲೆ ತೀರಿಕೊಂಡವರೊಬ್ಬರ ಹೆಸರಿನ ಹಿತ್ತಾಳೆ ಫಲಕವಿತ್ತು.

"ಸಮಾಧಿ ಮೇಲೆ ಕೂರ್ತಾರೇನೇ?" ಎಂದಳು ಅಮ್ಮ.

"ಸಮಾಧಿಯಲ್ಲಮ್ಮ. ಅವರಿಗೆ ಈ ಜಾಗ ಇಷ್ಟ ಅಂತ ಮನೆಯವರು ಹಾಕಿಸಿದ ಬೆಂಚು. ಕೂತ್ಕೋ."

ಬರಿಗಾಲಲ್ಲೇ ಕೂತ ಅಮ್ಮ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು. "ನಿಮ್ಮಪ್ಪನ ಅಸ್ಥೀನ ಹೊಳೆಗೆ ಬಿಟ್ವಿ. ಅವರ ಹೆಸರು ಎಲ್ಲೂ ಇಲ್ವಲ್ಲೇ."

ಅಪ್ಪನಿಗೂ ಒಂದು ಬೆಂಚು ಹಾಕಿಸಬೇಕೆಂದುಕೊಂಡು ಆ ದಿನ ನಾನು ಕೇಳಿದ ಪ್ರಶ್ನೆಗೆ, ಅವಳು ಊರಿಗೆ ಮರಳಿದ ಮೇಲೂ ಉತ್ತರ ಬಂದಿಲ್ಲ: "ಅಪ್ಪಂಗೆ ಯಾವ ಜಾಗ ಇಷ್ಟ ಇತ್ತಮ್ಮ?"