ಕಾಲು ಕಿಲೋ ಕೇಳಿದರೆ ಕಿಲೋ ಕಾಲು ಕಳಿಸಿದ ಪಾವಾಯಿ

ಬೆಳಗಿನ ಐದೂವರೆ. ತಮಿಳುನಾಡಿನ ನಾಮಕ್ಕಲ್‌ನ ಸೇಂದಮಂಗಲ ರಸ್ತೆಯ ಕೋಳಿ ಸಂಸ್ಕರಣಾ ಘಟಕದ ಹಿಂಬದಿಯಲ್ಲಿ ಪಾವಾಯಿ ಸ್ಟೀಲ್ ಮೇಜಿನ ಮುಂದೆ ನಿಂತಿದ್ದಾರೆ. ಮೇಜಿನ ಮೇಲೆ ಐಸಿನ ನಡುವೆ ರಾಶಿ ಕೋಳಿಕಾಲು. ಒಂದೊಂದನ್ನೇ ಎತ್ತಿ, ಮಗುಚಿ, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಚೊಕ್ಕಟವಾಗಿದ್ದರೆ ಬಲಗಡೆಯ ಬುಟ್ಟಿಗೆ, ಆಣಿ ಎದ್ದು ಕಪ್ಪಾಗಿದ್ದರೆ ಎಡಗಡೆಗೆ.

“ಏನ್ ಸಾರ್, ಬೆಳಬೆಳಗ್ಗೆ ಕಾಲು ಹಿಡಿಯೋಕೆ ಬಂದುಬಿಟ್ರಾ?” ಎಂದು ನನ್ನನ್ನೇ ಕಿಚಾಯಿಸುತ್ತಾರೆ.

ಪತ್ರಿಕೆಯ ವರದಿಗಾರನಾಗಿ ಹದಿನೇಳು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿದ್ದೇನೆ. ಮೊಟ್ಟೆ ವ್ಯಾಪಾರಿಗಳಿಗೆ ಶಾಲು ಹೊದಿಸುವ ಸಮಾರಂಭಗಳಿಗೆ ಹೋಗಿ ಹೋಗಿ ಸಾಕಾಗಿದೆ. ಮೊಟ್ಟೆ ಇಡುವುದನ್ನು ಬಿಟ್ಟ ಮುದಿ ಕೋಳಿಗಳ ಕಾಲು ಆರಿಸುವ ಐವತ್ತೆರಡರ ಈ ಹೆಂಗಸನ್ನು ಯಾರೂ ಒಂದು ಮಾತು ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ ಎಂಬುದು ನನಗೆ ನಾಚಿಕೆಯ ವಿಷಯ.

ಪಾವಾಯಿ ಈ ಘಟಕಕ್ಕೆ ಬಂದು ಹನ್ನೊಂದು ವರ್ಷ. ಮೊದಲ ಎಂಟು ವರ್ಷ ಪುಕ್ಕ ಕೀಳುವ ಯಂತ್ರದ ಬಳಿ, ಬಿಸಿನೀರಿನ ಹಬೆಯಲ್ಲಿ. ಬೆರಳ ಗಂಟುಗಳೆಲ್ಲ ಊದಿಕೊಂಡವು. “ಮಡಿಸಿದ ಬೆರಳು ಬಿಚ್ಚೋಕಾಗ್ತಿರಲಿಲ್ಲ. ಮಗಳಿಗೆ ಜಡೆ ಹಾಕೋಕೆ ಪಕ್ಕದ ಮನೆಯವಳನ್ನ ಕರೀಬೇಕಿತ್ತು,” ಎನ್ನುತ್ತಾರೆ. ಕೊನೆಗೆ ಮೇಸ್ತ್ರಿ ಕುಪ್ಪಣ್ಣ ಅವರನ್ನು ಈ ಮೇಜಿಗೆ ಹಾಕಿದ. ದಿನಕ್ಕೆ ಎರಡು ಸಾವಿರ ಕೋಳಿ, ಅಂದರೆ ನಾಲ್ಕು ಸಾವಿರ ಕಾಲು. ಏಳರಲ್ಲಿ ಒಂದು ಎಡಗಡೆಗೆ ಬೀಳುತ್ತದೆ.

ಬಲಗಡೆಯ ಬುಟ್ಟಿಯಿಂದ ಒಂದು ಪಾಲು ಊರಾಚೆಯ ಪ್ರಯೋಗಾಲಯಕ್ಕೆ, ಡಾಕ್ಟರ್ ತೇನ್ಮೊಳಿಯವರ ಬಳಿಗೆ ಹೋಗುತ್ತದೆ. ಕೋಳಿಯಲ್ಲಿ ನಾವು ಬಿಸಾಡುವ ಭಾಗಗಳ ಪ್ರೋಟೀನನ್ನು ಅವರು ಕಿಣ್ವ ಹಾಕಿ ಸಣ್ಣ ಸಣ್ಣ ತುಣುಕು ಮಾಡುತ್ತಾರೆ. ಆ ತುಣುಕುಗಳಿಗೆ ಪೆಪ್ಟೈಡ್ ಎಂದು ಹೆಸರು. ಅವು ಕೀಲಿನ ಊತ, ಉರಿ ಇಳಿಸುತ್ತವೆಯೇ ಎಂದು ಇಲಿಗಳ ಮೇಲೆ ನೋಡುತ್ತಾರೆ.

ಮೊದಲು ಅವರಿಗೆ ಬೇಕಿದ್ದದ್ದು ಎದೆಮೂಳೆಯ ಮೆದು ತುದಿ ಮಾತ್ರ. ಅದನ್ನೂ ಪಾವಾಯಿಯೇ ಕಳಿಸುತ್ತಿದ್ದರು. ಒಂದು ದಿನ ಫೋನ್ ಮಾಡಿ, “ಅಕ್ಕಾ, ನಾಳೆ ಕಾಲು ಕಿಲೋ ಸಾಕು,” ಎಂದರು. ತಮಿಳಿನಲ್ಲೂ ನಮ್ಮ ಕನ್ನಡದ ಹಾಗೆಯೇ ಕಾಲು ಎಂದರೆ ಕಾಲೂ ಹೌದು, ನಾಲ್ಕರಲ್ಲೊಂದು ಪಾಲೂ ಹೌದು. ಯಂತ್ರದ ಗದ್ದಲದಲ್ಲಿ ಪಾವಾಯಿಗೆ ಕೇಳಿಸಿದ್ದು “ಕಾಲು, ಕಿಲೋ ಸಾಕು” ಎಂದು. ಒಳ್ಳೊಳ್ಳೆ ಕಾಲು ಆರಿಸಿ, ಉಗುರು ಕತ್ತರಿಸಿ, ಸರಿಯಾಗಿ ಒಂದು ಕಿಲೋ ಕಳಿಸಿದರು.

“ಬೈದ್ರು ಸಾರ್, ಚೆನ್ನಾಗೇ ಬೈದ್ರು. ಆಮೇಲೆ ಬಂದದ್ದು ಬಂತು ಅಂತ ಅದನ್ನೇ ಬೇಯಿಸಿ ನೋಡಿದ್ರು,” ಎಂದು ನಗುತ್ತಾರೆ. ಎದೆಮೂಳೆಯಿಂದ ಬಂದದ್ದಕ್ಕಿಂತ ಹೆಚ್ಚಾಗಿ ಇಲಿಗಳ ಊತ ಇಳಿಯಿತು. “ನಮ್ಮಮ್ಮ ಮಂಡಿನೋವಿಗೆ ಕೋಳಿಕಾಲಿನ ರಸಾನೇ ಕುಡಿಸ್ತಿದ್ಲು. ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ.”

ಡಾಕ್ಟರಮ್ಮ ಒಪ್ಪುವುದಿಲ್ಲ. “ರಸ ಬೇರೆ, ಇದು ಬೇರೆ. ಮನುಷ್ಯರಿಗೆ ಕೊಡೋದಕ್ಕೆ ಇನ್ನೂ ಬೇಕಾದಷ್ಟು ವರ್ಷ ಇದೆ ಅಕ್ಕಾ,” ಎನ್ನುತ್ತಾರೆ. “ಇಲಿಗೆ ಇರೋ ಯೋಗ ನನಗಿಲ್ಲ,” ಎಂದು ಪಾವಾಯಿ ಬೆರಳು ನೀವಿಕೊಳ್ಳುತ್ತಾರೆ.

ಹೋದ ವರ್ಷ ಘಟಕಕ್ಕೆ ಕಾಲು ಕತ್ತರಿಸಿ ಚೀಲಕ್ಕೆ ತುಂಬುವ ಯಂತ್ರ ಬಂತು. ಇನ್ನು ಈ ಮೇಜು ಬೇಡ, ಪುಕ್ಕದ ಕಡೆ ಹೋಗು ಎಂದ ಕುಪ್ಪಣ್ಣ. ಮತ್ತೆ ಬಿಸಿನೀರು, ಮತ್ತೆ ಹಬೆ. “ಬೆರಳು ಹೋದ್ರೆ ನಾನೇ ಹೋದಂಗಲ್ವಾ?”

ಯಂತ್ರ ತುಂಬಿದ ಎರಡು ಚೀಲ ಪ್ರಯೋಗಾಲಯಕ್ಕೆ ಹೋದವು. ಎರಡರಿಂದಲೂ ಇಲಿಗಳ ಊತ ಇಳಿಯಲಿಲ್ಲ. ಮೊದಲ ಫಲಿತಾಂಶ ಏನೋ ಆಕಸ್ಮಿಕ, ಈ ಸಂಶೋಧನೆ ನಿಲ್ಲಿಸೋಣ ಎನ್ನುವವರೆಗೆ ಅಲ್ಲಿ ಮಾತು ಬಂತು. ಸುದ್ದಿ ಕೇಳಿದ ಪಾವಾಯಿ ವಾರದ ರಜೆಯ ದಿನ ಬಸ್ಸು ಹತ್ತಿ ಅಲ್ಲಿಗೇ ಹೋದರು. ಅರ್ಧ ಉಳಿದಿದ್ದ ಎರಡನೇ ಚೀಲ ಬಿಚ್ಚಿಸಿ, ಒಂದು ಕಾಲು ಎತ್ತಿ ಡಾಕ್ಟರಮ್ಮನ ಮುಂದೆ ಹಿಡಿದರು.

“ಆಣಿ ನೋಡು ತಾಯಿ. ಇದಕ್ಕೇ ಊತ ಬಂದಿದೆ. ಇದು ಇನ್ನೊಬ್ಬರ ಊತ ಏನ್ ಇಳಿಸುತ್ತೆ?”

ಅಲ್ಲೇ ಕೂತು ಇಡೀ ಚೀಲ ಆರಿಸಿಕೊಟ್ಟರು. ಅದೇ ಚೀಲದ ಆರಿಸಿದ ಕಾಲುಗಳಿಂದ ಮೂರು ಸಲ ಪರೀಕ್ಷೆ ನಡೆಯಿತು, ಮೂರು ಸಲವೂ ಊತ ಇಳಿಯಿತು. ಕೈಯಿಂದ ಆರಿಸಿದ ಕಾಲೇ ಬೇಕು ಎಂದು ಪ್ರಯೋಗಾಲಯದಿಂದ ಘಟಕಕ್ಕೆ ಪತ್ರ ಬಂತು. ಈಗ ಯಂತ್ರ ಕತ್ತರಿಸುತ್ತದೆ, ಪಾವಾಯಿ ಆರಿಸುತ್ತಾರೆ. ಕುಪ್ಪಣ್ಣ ಅವರಿಗೊಂದು ಸ್ಟೂಲು ಕೂಡ ತರಿಸಿಕೊಟ್ಟಿದ್ದಾನೆ. ಕೂತರೆ ಕೈ ಓಡುವುದಿಲ್ಲವೆಂದು ಅವರು ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ.

ತೇನ್ಮೊಳಿಯವರ ವರದಿ ಅಚ್ಚಾಗಿದೆ. ಅದರಲ್ಲಿ ನಾಲ್ವರು ವಿಜ್ಞಾನಿಗಳ ಹೆಸರಿದೆ. ಪಾವಾಯಿಯ ಹೆಸರು ಎಲ್ಲೂ ಇಲ್ಲ. ವಿಧಾನ ವಿವರಿಸುವ ಕಡೆ, ಕಾಲುಗಳನ್ನು ಕೈಯಿಂದ ಆರಿಸಲಾಯಿತು ಎಂಬ ಒಂದೇ ಒಂದು ಸಾಲಿದೆ. ಬೇಜಾರಿಲ್ಲವೇ ಎಂದು ಕೇಳುತ್ತೇನೆ.

“ಆ ಸಾಲನ್ನ ಡಾಕ್ಟರಮ್ಮ ನನಗೆ ಓದಿ ಹೇಳಿದಾರೆ ಸಾರ್. ಕೈಯಿಂದ ಆರಿಸಿದ್ದು ಅಂತ ಇದೆಯಲ್ಲ,” ಎನ್ನುತ್ತಾರೆ ಪಾವಾಯಿ. “ಈ ಊರಲ್ಲಿ ಆ ಕೈ ಇನ್ಯಾರದ್ದಿದೆ?”