ಪ್ರಿನ್ಸಿಪಾಲರ ಪಾಸ್‌ವರ್ಡ್ ಮತ್ತು ನಮ್ಮ ಲ್ಯಾಬ್ ಮೇಡಂ

ನಮ್ಮ ಲ್ಯಾಬ್ ಮೇಡಂ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದಕ್ಕೆ ಕಂಪ್ಯೂಟರ್ ಕೇಬಲಿನ ನೀಲಿ ಸಿಪ್ಪೆ ಸುತ್ತಿಕೊಂಡಿದ್ದರು. ಹೊರಗೆ ಫರೀದಾಬಾದಿನ ಮೇ ತಿಂಗಳು ಉರಿಯುತ್ತಿದ್ದರೆ ಒಳಗೆ ಅವರು ಎ.ಸಿ.ಯ ಚಳಿಗೆ ಶಾಲು ಹೊದ್ದು ಸೀನುತ್ತಿದ್ದರು. ಆ ಸೀನನ್ನು ನಾನು ಎಷ್ಟು ಚೆನ್ನಾಗಿ ಕದ್ದಿದ್ದೆನೆಂದರೆ, ಕಾರಿಡಾರಿನಲ್ಲಿ ಒಮ್ಮೆ ಸೀನಿದರೆ ಸಾಕು, ಇಡೀ ಕ್ಲಾಸು ಮೊಬೈಲ್ ಬಚ್ಚಿಡುತ್ತಿತ್ತು. ಓದಿನಲ್ಲಿ ಸೊನ್ನೆ, ಸೀನಿನಲ್ಲಿ ಡಿಸ್ಟಿಂಕ್ಷನ್.

ಆ ವರ್ಷ ಶಾಲೆಗೆ ‘ಒಂದೇ ಲಾಗಿನ್’ ಬಂದಿತ್ತು. ಆನ್‌ಲೈನ್ ಪಾಠ, ಹೋಂವರ್ಕು, ಅಂಕಪಟ್ಟಿ, ಟೀಚರುಗಳ ರಜೆ ಅರ್ಜಿ, ಎಲ್ಲಕ್ಕೂ ಒಂದೇ ಐಡಿ, ಒಂದೇ ಪಾಸ್‌ವರ್ಡ್. ಅದರ ಉಸ್ತುವಾರಿ ಮೇಡಂದು. ಅವರದು ಗುತ್ತಿಗೆ ನೌಕರಿ, ವರ್ಷವರ್ಷವೂ ಸಹಿ ಬೀಳಬೇಕು. ನಾವು ಪಾಸ್‌ವರ್ಡ್ ಟೈಪ್ ಮಾಡುವಾಗ ಅವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಹಿಂದಿನಿಂದ ಕಾಗದದ ರಾಕೆಟ್ ಬಿಟ್ಟರೂ ತಿರುಗುತ್ತಿರಲಿಲ್ಲ.

“ತಿರುಗಿ ನೋಡಿದ್ರೆ ಏನಾಗತ್ತೆ ಮೇಡಂ?” ಎಂದು ಕೆಣಕಿದ್ದೆ.

“ನಿನ್ನ ಗುಟ್ಟು ನಂಗ್ಯಾಕೋ? ಚಿಕ್ಕವರದ್ದು ಅಂದ ಮಾತ್ರಕ್ಕೆ ಅಗ್ಗನಾ?”

ಇಡೀ ಶಾಲೆಯಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವವರು ಅವರೊಬ್ಬರೇ.

ನಮ್ಮ ಗುಟ್ಟಿಗೆ ಇಷ್ಟು ಮರ್ಯಾದೆ. ಪ್ರಿನ್ಸಿಪಾಲರ ಪಾಸ್‌ವರ್ಡ್ ಮಾತ್ರ ಆಫೀಸಿನ ಹಿರಿಯ ಗುಮಾಸ್ತ ಬಡೇ ಬಾಬುವಿನ ಡ್ರಾಯರಿನಲ್ಲಿ, ಚೀಟಿಯ ಮೇಲೆ. ಸಾಹೇಬರು ತಾವೇ ಟೈಪ್ ಮಾಡಿದರೆ ಸಾಹೇಬಗಿರಿ ಸವೆಯುತ್ತದಲ್ಲ! ಇದು ಬೇಡವೆಂದು ಮೇಡಂ ಎರಡು ಸಲ ಬರೆದುಕೊಟ್ಟರು. ಪ್ರಿನ್ಸಿಪಾಲರು ನಕ್ಕು ಪಕ್ಕಕ್ಕಿಟ್ಟರು.

ನಾನಾಗ ಹನ್ನೊಂದನೇ ಕ್ಲಾಸು. ಆ ಪಾಸ್‌ವರ್ಡ್ ತೆಗೆಸುತ್ತೇನೆಂದು ಗೆಳೆಯರೊಡನೆ ಎರಡು ಸಮೋಸದ ಪಂದ್ಯ. ಆಫೀಸಿಗೆ ಇಂಟರ್‌ಕಾಮ್ ಮಾಡಿ, ಪ್ರಿನ್ಸಿಪಾಲರಂತೆಯೇ ಗಂಟಲು ಕೆರೆದು, “ಬಾಬೂಜೀ, ಜರಾ ಪಾಸ್‌ವರ್ಡ್ ಬೋಲಿಯೇ,” ಅಂದೆ. ಕುರ್ಚಿ ಕಿರುಗುಟ್ಟಿತು, ಪುಣ್ಯಾತ್ಮ ಎದ್ದು ನಿಂತು ಓದಿದನೆಂದು ಕಾಣುತ್ತದೆ. ಆ ಐಡಿಯೊಳಗೆ ಹೊಕ್ಕು ‘ನಾಳೆ ಶಾಲೆಗೆ ರಜೆ’ ಎಂದು ಹಾಕಿದೆ. ಮರುದಿನ ಬಸ್ಸುಗಳೆಲ್ಲ ಖಾಲಿ ಬಂದವು.

ಯಾವ ಫೋನಿನಿಂದ ಲಾಗಿನ್ ಆಗಿದೆಯೆಂದು ಮೇಡಂ ಗಂಟೆಯೊಳಗೆ ಪತ್ತೆ ಹಚ್ಚಿ ನನ್ನನ್ನು ಲ್ಯಾಬಿಗೆ ಕರೆಸಿದರು.

“ನೀನೇ ತಾನೆ?”

“ಹೌದು ಮೇಡಂ.”

“ಕತ್ತೆ. ಮುಂದಿನ ವರ್ಷದ ಬೋರ್ಡ್ ಪರೀಕ್ಷೆಗೆ ಹೆಸರು ಹೋಗೋ ಹೊತ್ತು. ಈಗ ಟಿ.ಸಿ. ಕೈಗೆ ಕೊಟ್ರೆ ಎಲ್ಲಿಗೆ ಹೋಗ್ತೀಯ? ನಡಿ ಕ್ಲಾಸಿಗೆ.”

ಪಾಸ್‌ವರ್ಡ್ ಆಫೀಸಿನ ಡ್ರಾಯರಿನಿಂದ ಹೊರಬಿದ್ದಿದೆ, ಮೊದಲು ಆ ಪದ್ಧತಿ ನಿಲ್ಲಲಿ ಎಂದು ವರದಿ ಬರೆದರು. ನನ್ನ ಹೆಸರು ಬರೆಯಲಿಲ್ಲ. ವಾರದೊಳಗೆ ‘ಭದ್ರತಾ ಲೋಪ’ವನ್ನು ಅವರ ತಲೆಗೇ ಕಟ್ಟಿ ಕೆಲಸದಿಂದ ತೆಗೆದರು.

ನಾನು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ ತಪ್ಪು ಒಪ್ಪಿಕೊಂಡೆ. ನಂಬದಿದ್ದಾಗ ಅವರದೇ ದನಿಯಲ್ಲಿ ಇನ್ನೊಮ್ಮೆ ಒಪ್ಪಿಕೊಂಡೆ. ಅವರ ಮುಖ ಕೆಂಪಾಯಿತು, ಆಮೇಲೆ ನಗು. “ವಾಹ್ ಬೇಟಾ! ಆನ್ಯುಯಲ್ ಡೇ ಮೇ ಏಕ್ ಐಟಂ ಕರೋ.” ನನ್ನನ್ನು ಕಳ್ಳನೆಂದರೆ ಡ್ರಾಯರನ್ನೂ ಒಪ್ಪಬೇಕಾಗುತ್ತಿತ್ತು, ಅದಕ್ಕೇ ನಾನು ಕಲಾವಿದನಾದೆ! ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ನನ್ನ ಮೇಲೂ ಉರಿಯುತ್ತದೆ. ಆ ಸಮೋಸಗಳನ್ನು ನಾನು ಚಟ್ನಿ ಕೇಳಿ ಹಾಕಿಸಿಕೊಂಡು ತಿಂದಿದ್ದೆ.

ತೆಗೆದ ದಿನ ಮಧ್ಯಾಹ್ನವೇ ಮೇಡಂ ಐಡಿ ಬಂದ್. ಒಂದೇ ಲಾಗಿನ್ ಅಲ್ಲವೇ, ಒಂದು ಗುಂಡಿ ಒತ್ತಿದರೆ ಮನುಷ್ಯರೇ ಮಾಯ. ಅವರು ವರ್ಷಗಟ್ಟಲೆ ಬರೆದು ಅದಕ್ಕೆ ಏರಿಸಿದ್ದ ಪಾಠದ ಟಿಪ್ಪಣಿ, ಹಾಜರಿ, ಎಲ್ಲ ಒಳಗೇ ಉಳಿಯಿತು. ಮನೆಪಾಠ ಮಾಡಿಕೊಂಡು ದಿನ ದೂಡಿದರು. ಈಗ ಗ್ರೇಟರ್ ನೋಯ್ಡಾದ ಶಾಲೆಯೊಂದು ಕೆಲಸ ಕೊಡುತ್ತೇನೆಂದಿದೆ, ಅನುಭವ ಪತ್ರ ತಂದರೆ. ಆ ಪತ್ರಕ್ಕೆ ಅರ್ಜಿ ಹಾಕಬೇಕಾದದ್ದು ಅದೇ ಸತ್ತ ಐಡಿಯಿಂದ!

ಕಾಲೇಜು ಸೇರಿರುವ ನಾನು ಕಳೆದ ವಾರ ಬಡೇ ಬಾಬುವಿನ ಎದುರು ಹೋಗಿ ಕೂತು ಮೇಡಂ ಅನುಭವ ಪತ್ರ ಕೇಳಿದೆ.

“ಪೋರ್ಟಲ್ ಮೇ ಡಾಲೋ.” ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕಂತೆ.

“ಐಡಿ ತೋ ಆಪ್ನೇ ಬಂದ್ ಕರ್ ದೀ, ಬಾಬೂಜೀ.”

“ತೋ ಲ್ಯಾಬ್ ಮೇಡಂ ಸೇ ಬೋಲೋ, ವೋ ಖೋಲ್ ದೇಂಗೀ,” ಅಂದ, ತಲೆ ಎತ್ತದೆ.

ಮೇಡಂ ಐಡಿ ತೆರೆಸಲು ಮೇಡಂ ಅವರನ್ನೇ ಕೇಳಬೇಕಂತೆ! ತಾವು ಹೊರಗೆ ಹಾಕಿದವರು ಯಾರೆಂಬುದೂ ಇವರಿಗೆ ನೆನಪಿಲ್ಲ. ಬೇರೆ ಹೊತ್ತಾಗಿದ್ದರೆ ಈ ಮಾತನ್ನು ಕಾಲೇಜಿನಲ್ಲಿ ಅಭಿನಯಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದೆ. ಅವತ್ತು ಕಾಗದ ತೆಗೆದುಕೊಂಡು, ನಾನು ಮಾಡಿದ್ದನ್ನೆಲ್ಲ ಬರೆದು, ಡ್ರಾಯರನ್ನೂ ಬರೆದು, ಸಹಿ ಹಾಕಿ, “ರಿಸೀವ್ಡ್ ಕಾ ಸೀಲ್ ಲಗಾಯಿಯೇ, ಬಾಬೂಜೀ,” ಅಂದೆ. ಸೀಲು ಬೀಳುವ ತನಕ ಕುರ್ಚಿ ಬಿಡಲಿಲ್ಲ. ಬಿತ್ತು. ಸೀಲು ಬಿದ್ದ ಪ್ರತಿಯ ಫೋಟೋವನ್ನು ಮೇಡಂಗೆ ಕಳಿಸಿದೆ.

ಎರಡೇ ನಿಮಿಷಕ್ಕೆ ಫೋನ್ ಬಂತು. “ಅಯ್ಯೋ ಕತ್ತೆ, ಇದು ನಿನ್ನ ಕಾಲೇಜಿಗೆ ಗೊತ್ತಾದ್ರೆ ನಿನ್ನ ಗತಿ ಏನೋ?”

ಅನುಭವ ಪತ್ರ ಸಿಕ್ಕಿತೇ ಎಂದು ಅವರು ಕೇಳಲೇ ಇಲ್ಲ. ಸಿಕ್ಕಿಲ್ಲ. ಸೋಮವಾರ ಮತ್ತೆ ಹೋಗುತ್ತಿದ್ದೇನೆ.