ಬಾವಿಕಟ್ಟೆಯವರೆಗೆ ಬಂದ ಕಥೆ

ಮೊನ್ನೆ ಮಣಿಪಾಲದ ಆಸ್ಪತ್ರೆಯಲ್ಲಿದ್ದ ಅತ್ತೆಗೆ ಗಂಜಿ ಕೊಂಡುಹೋಗಿದ್ದೆ. ಫ್ಲಾಸ್ಕಿನ ಮುಚ್ಚಳ ತೆಗೆದಾಗ ಕುಚ್ಚಲಕ್ಕಿಯ ಹಬೆ ಮುಖಕ್ಕೆ ಬಡಿಯಿತು. ಟೀಚರ್ ನೆನಪಾದರು... ಇಂಥದೇ ಒಂದು ವಾರ್ಡಿನಲ್ಲಿ ಅವರಿಗೂ ಚಮಚದಲ್ಲಿ ಗಂಜಿ ಕುಡಿಸಿದ್ದೆ.

ಕಾಪುವಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕಾರ್ಕಳದ ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದವರು. ಆಗ ಪಠ್ಯವಾಗಿದ್ದ ಹಳೆಯ ಕಾದಂಬರಿಯೊಂದನ್ನು ವರ್ಷಗಟ್ಟಲೆ ಪಾಠ ಮಾಡಿದ್ದರು. ದೊಡ್ಡ ಮನೆತನವೊಂದರ ಏಳುಬೀಳಿನ ಕಥೆ. ಅದರಲ್ಲಿ ದನದ ಹಟ್ಟಿಯ ಕೆಲಸಕ್ಕೆ ಬರುವ ಒಬ್ಬ ಹೆಂಗಸಿದ್ದಾಳೆ. ಧಣಿಯ ಮಗನಿಂದ ಬಸುರಾಗುತ್ತಾಳೆ. ಒಂದು ಬೆಳಿಗ್ಗೆ ಅವಳ ಹೆಣ ಬಾವಿಯಲ್ಲಿ ತೇಲುತ್ತದೆ. ಮುಂದಿನ ಪುಟದಲ್ಲಿ ಧಣಿಯ ಮಗನ ಮದುವೆ.

"ಇಷ್ಟು ದೊಡ್ಡ ಪುಸ್ತಕದಲ್ಲಿ ಅವಳದ್ದು ಒಂದು ಮಾತಿಲ್ಲ ನೋಡು," ಎನ್ನುತ್ತಿದ್ದರು ಟೀಚರ್.

ನಿವೃತ್ತರಾದ ಮೇಲೆ ಆ ಕಥೆಯನ್ನು ಅವಳ ಬಾಯಲ್ಲೇ ಹೇಳಿಸಲು ಹೊರಟರು. ಬರೆಯಲು ಕೂತರೆ ಕೈ ನಡುಗುತ್ತಿತ್ತು. ಅವರು ಹೇಳುವುದು, ಸಂಜೆ ಆಫೀಸಿನಿಂದ ಬಂದು ನಾನು ಟೈಪ್ ಮಾಡುವುದು. ಹೇಳುತ್ತ ಹೇಳುತ್ತ ಅವರ ದನಿಯೇ ಬೇರೆಯಾಗುತ್ತಿತ್ತು. ಸೆಗಣಿ ಬಾಚುವ, ಅಂಗಳದ ಮೂಲೆಯಲ್ಲಿ ತೆಂಗಿನ ಗೆರಟೆಯಲ್ಲಿ ನೀರು ಕುಡಿಯುವ, ಧಣಿಯ ಮಗನ ಹೆಜ್ಜೆ ಸಪ್ಪಳಕ್ಕೆ ಬೆವರುವ ಆ ಹೆಂಗಸು ಮೊದಲ ಸಲ 'ನಾನು' ಎನ್ನುತ್ತಿದ್ದಳು.

ಕಥೆ ಬಾವಿಕಟ್ಟೆಗೆ ಬಂದ ಸಂಜೆ ಟೀಚರ್ ನಿಲ್ಲಿಸಿದರು.

"ಮುಂದೆ ಎಂತ ಟೀಚರ್? ಸಾಯ್ತಾಳಾ?"

"ನಾಳೆ ಹೇಳ್ತೇನೆ ಮಾರಾಯ್ತಿ. ನನಗೆ ಗೊತ್ತುಂಟು," ಎಂದು ನಕ್ಕರು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಹೋಯಿತು, ಮಾತು ಹೋಯಿತು. 'ಇಲ್ಲ' ಎಂಬ ಒಂದು ಶಬ್ದ ಮಾತ್ರ ನಾಲಗೆಯಲ್ಲಿ ಉಳಿದಿತ್ತು.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ಚೀಲದ ಕಡೆ ಎಡಗೈ ಚಾಚಿದರು. ಬರೆದದ್ದನ್ನು ಓದತೊಡಗಿದೆ. ಬಾವಿಕಟ್ಟೆ ಬಂದಾಗ ಏನೋ ಹೇಳಲು ಬಾಯಿ ತೆರೆದರು.

"ಅವಳು ಹಾರ್ತಾಳಾ ಟೀಚರ್?"

"ಇಲ್ಲ."

"ಯಾರಾದ್ರೂ ದೂಡ್ತಾರಾ?"

"ಇಲ್ಲ."

"ಹಾಗಾದ್ರೆ ಬದುಕ್ತಾಳಾ?"

"ಇಲ್ಲ... ಇಲ್ಲ..." ಎಡಗೈಯಿಂದ ಹಾಸಿಗೆಗೆ ಬಡಿದು ಬಡಿದು ಅತ್ತರು.

ಮಾತಿನ ಅಭ್ಯಾಸ ಮಾಡಿಸಲು ಬರುತ್ತಿದ್ದ ಹುಡುಗಿ ನನ್ನನ್ನು ಹೊರಗೆ ಕರೆದಳು. "ಹೌದು ಅನ್ಲಿಕ್ಕೂ ಅವರಿಗೆ ಇಲ್ಲ ಅಂತಲೇ ಬರುವುದು ಅಕ್ಕ. ತಲೆ ಆಡಿಸುವುದನ್ನೂ ನಂಬ್ಲಿಕ್ಕಾಗುವುದಿಲ್ಲ," ಎಂದಳು.

ಹಾಗಾದರೆ ನಾನು ಕೇಳಿದ್ದರಲ್ಲಿ ಯಾವುದೋ ಒಂದು ಸರಿಯಿತ್ತೇನೋ. ಒಂದೂ ಇರಲಿಲ್ಲವೇನೋ... ಒಳಗೆ ಹೋಗಿ ಅವರ ಬೆನ್ನು ಸವರುತ್ತ ಕೂತೆ. ಮಳೆಗಾಲಕ್ಕೆ ಮೊದಲೇ ಟೀಚರ್ ತೀರಿಕೊಂಡರು.

ಈಗ ಅವರ ಮಗಳು ಆ ಕಥೆಯನ್ನು ಪುಸ್ತಕ ಮಾಡಿಸುತ್ತಿದ್ದಾಳೆ. "ಕೊನೆ ನೀವೇ ಬರೀರಿ ಅಕ್ಕ. ಅಮ್ಮನ ಜೊತೆ ಇದ್ದವರು ನೀವೇ ಅಲ್ವಾ," ಎನ್ನುತ್ತಾಳೆ. ಹಲವು ಸಲ ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ನನ್ನದೇ ದನಿ ಕೇಳಿಸಿ ಅಳಿಸಿಬಿಡುತ್ತಿದ್ದೆ. ನಿನ್ನೆ ಅವಳಿಗೆ ಫೋನು ಮಾಡಿ, ಇದ್ದಷ್ಟನ್ನೇ ಮುದ್ರಿಸಲು ಹೇಳಿದೆ.

"ಅರ್ಧದಲ್ಲೇ ಬಿಡುವುದಾ?" ಎಂದಳು.

"ಹೂಂ. ಬಾವಿಕಟ್ಟೆಯವರೆಗೆ," ಎಂದೆ.